ಭಾವನವರ ಉಗಿಬಂಡಿ ಭಕ್ತಿ

ನಮ್ಮ ಭಾವನವರು ಶಿವನಿಗಿಂತ ಹೆಚ್ಚು ಸಲ ಕೈಮುಗಿದದ್ದು ಕಲ್ಲಿದ್ದಲಿನ ಇಂಜಿನ್ನಿಗೆ ಎಂದರೆ ನನ್ನ ನಾಲಿಗೆಗೆ ಪಾಪ ಅಂಟುತ್ತದೆ. ಆದರೆ ಸುಳ್ಳಂತೂ ಆಗುವುದಿಲ್ಲ! ಬೆಳಿಗ್ಗೆ ಸ್ನಾನ, ಹಣೆಗೆ ವಿಭೂತಿ, ಅಂಗೈಯಲ್ಲಿ ಇಷ್ಟಲಿಂಗ, ಯಾವುದಕ್ಕೂ ಲೋಪವಿಲ್ಲ. ಪೂಜೆ ಮುಗಿಸಿ ಕಣ್ಣು ತೆರೆದವರು ಮೊದಲು ನೋಡುವುದು ಮಾತ್ರ ಎದುರು ಗೋಡೆಯ ದೊಡ್ಡ ಫೋಟೋವನ್ನು. ಅದರಲ್ಲಿ ಮನೆಯ ಹಿರಿಯರಿಲ್ಲ, ಮಠದ ಸ್ವಾಮಿಗಳಿಲ್ಲ. ಮೈತುಂಬ ಹೊಗೆ ಹೊದ್ದುಕೊಂಡು ಬೆಟ್ಟ ಹತ್ತುತ್ತಿರುವ ಒಂದು ಉಗಿ ಇಂಜಿನ್ ಇದೆ. ಇಂಜಿನ್ ಮನೆಗೆ ತಂದು ಕಟ್ಟುವ ವಸ್ತುವಲ್ಲ, ಶಿವ ಅಷ್ಟರ ಮಟ್ಟಿಗೆ ನಮ್ಮನ್ನು ಕಾಪಾಡಿದ್ದಾನೆ.

ಭಾವನವರು ಎಂದರೆ ನನ್ನ ಗಂಡನ ಅಣ್ಣ. ಹೊಸಪೇಟೆಯಲ್ಲಿ ನಾವೆಲ್ಲ ಒಂದೇ ಮನೆ, ಒಂದೇ ಒಲೆ. ಕಂಪ್ಲಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ. ಜೀವಮಾನವೆಲ್ಲ ಅದರ ಗದ್ದಲದಲ್ಲಿ ಕಳೆದ ಭಾವನವರು ಅದನ್ನು ತಮ್ಮನ ಕೈಗೆ ಒಪ್ಪಿಸಿ, ಕ್ಯಾಮೆರಾ ಕೊರಳಿಗೆ ಹಾಕಿಕೊಂಡರು. ಬೇರೆಯವರು ಈ ವಯಸ್ಸಿನಲ್ಲಿ ಕಾಶಿ, ಶ್ರೀಶೈಲ ಎನ್ನುತ್ತಾರೆ. ಇವರು ಊಟಿ, ಡಾರ್ಜಿಲಿಂಗ್ ಎಂದರು. ತಂಪಿಗೆ ಅಂತ ತಿಳಿದಿರಾ? ಅಲ್ಲಿ ಇನ್ನೂ ಉಗಿಬಂಡಿ ಓಡುತ್ತದೆ ಎಂಬ ಒಂದೇ ಕಾರಣಕ್ಕೆ! ಜೊತೆಗೆ ಹೋಗಿದ್ದ ನಮ್ಮಕ್ಕ, ಅಂದರೆ ಅವರ ಹೆಂಡತಿ, ನನ್ನ ನೆಗೆಣ್ಣಿ, ಊಟಿಯಿಂದ ಬಂದಾಗ ನಾನು ಆಸೆಯಿಂದ ಕೇಳಿದೆ:

"ಹೂವಿನ ತೋಟ ಭಾಳ ಚಂದ ಅಂತಾರಲ್ಲಕ್ಕಾ, ನೋಡಿದ್ರೇನು?"

"ಎಲ್ಲೀ ಹೂವು ತಂಗೀ! ಇಂಜಿನ್ನಿಗೆ ನೀರು ತುಂಬೂದು ನೋಡಿದೆ. ಅದು ಖಾಲಿ ಆಗೂದು ನೋಡಿದೆ. ಮತ್ತ ತುಂಬೂದು ನೋಡಿದೆ."

ಒಮ್ಮೆ ಬೀಗರನ್ನು ಹಂಪಿ ತೋರಿಸಲು ಕರೆದುಕೊಂಡು ಹೋದೆವು. ಕಲ್ಲಿನ ರಥದ ಮುಂದೆ ಬೀಗರೆಲ್ಲ ಸೀರೆ ಸರಿಮಾಡಿಕೊಂಡು, ಟೋಪಿ ನೆಟ್ಟಗೆ ಮಾಡಿಕೊಂಡು ಸಾಲಾಗಿ ನಿಂತರು. ಭಾವನವರು ಮಾತ್ರ ಕ್ಯಾಮೆರಾದ ಮುಚ್ಚಳವನ್ನೇ ತೆಗೆಯಲಿಲ್ಲ. "ತೆಗೀರಿ ಒಂದು ಫೋಟೋ, ಎಲ್ಲಾರೂ ಕಾಯಾಕತ್ತಾರ" ಎಂದು ಅಕ್ಕ ತಿವಿದರು. ಭಾವನವರು ರಥವನ್ನು ಒಂದು ಸುತ್ತು ಹಾಕಿ ಬಂದು ಗಂಭೀರವಾಗಿ ನುಡಿದರು: "ಗಾಲಿ ಅದಾವ, ಒಪ್ಪಿದೆ. ಹಳಿ ಎಲ್ಲೈತಿ? ಹೊಗಿ ಎಲ್ಲೈತಿ?" ಬೀಗರು ಇವತ್ತಿಗೂ ಆ ಮಾತು ಮರೆತಿಲ್ಲ. ಸಂಬಂಧ ಉಳಿದದ್ದೇ ದೊಡ್ಡದು.

ಇನ್ನು ನನ್ನ ಕೈಯಿಂದ ಆದ ಅನಾಹುತವನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಒಂದು ರೂಢಿ. ಯಾರೇ ದೂರ ಹೋಗಿ ಬಂದರೂ ಅವರ ಚೀಲದಲ್ಲಿ ಬೂದಿಯ ಪೊಟ್ಟಣ ಸಿಕ್ಕರೆ ಅದು ಯಾವುದೋ ಕ್ಷೇತ್ರದ ಭಸ್ಮವೇ. ಕೇಳದೆ ದೇವರ ಮುಂದಿನ ಬಟ್ಟಲಿಗೆ ಸುರಿಯುವುದು. ಭಾವನವರು ಡಾರ್ಜಿಲಿಂಗಿನಿಂದ ಬಂದ ವಾರವೇ ಶ್ರಾವಣ ಸೋಮವಾರ ಬಿತ್ತು. ಪಾದಪೂಜೆಗೆ ನಮ್ಮ ಜಂಗಮರು, ಅಯ್ಯನವರು, ಬಂದಿದ್ದರು. ಭಾವನವರ ಚೀಲದಲ್ಲಿ ಸಿಕ್ಕ ಪೊಟ್ಟಣವನ್ನು ಸುರಿದಿದ್ದ ಬಟ್ಟಲನ್ನು ನಾನು ಮುಂದಿಟ್ಟೆ. ಅವರು ಹಣೆಗೆ ಮೂರು ಬೆರಳು ಎಳೆದುಕೊಂಡರು, ನಮ್ಮೆಲ್ಲರ ಹಣೆಗೂ ಎಳೆದರು. ಆಮೇಲೆ ಬೆರಳು ಮೂಸಿ ಕೇಳಿದರು:

"ಯಾವ ಕ್ಷೇತ್ರದ್ದವ್ವಾ ಇದು? ವಾಸನಿ ಬ್ಯಾರೆ ಐತಿ."

ಅಷ್ಟರಲ್ಲಿ ಒಳಗೆ ಬಂದ ಭಾವನವರು ನಮ್ಮ ಹಣೆಗಳನ್ನೂ ಬಟ್ಟಲನ್ನೂ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. "ಅಯ್ಯಾರ... ಅದು ಇಂಜಿನ್ ಒಲಿ ಬೂದಿ ರೀ!"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಯ್ಯನವರು ದೊಡ್ಡ ಜೀವ. "ಒಲಿ ಯಾವುದಾದ್ರೇನಪ್ಪಾ, ಬೆಂಕಿ ಒಂದ" ಎಂದರು. ಆಮೇಲೆ ಹಣೆ ಕೆರೆದುಕೊಳ್ಳುತ್ತಾ, "ಆದ್ರ ಇದು ಭಾಳ ತುರಸ್ತೈತಿ, ಜಲ್ದಿ ಒಂದು ತಂಬಿಗಿ ನೀರು ಕೊಡವ್ವಾ" ಎಂದರು. ಭಾವನವರಿಗೆ ಅಯ್ಯನವರ ಹಣೆಯ ಚಿಂತೆಯೇ? ಅಲ್ಲ! ತೊಳೆದುಹೋದ ಬೂದಿಯದು.

ಇಂಥವರ ಜೊತೆ ನಕ್ಕು ನಕ್ಕೇ ದಿನ ಕಳೆಯಬಹುದಿತ್ತು. ಆದರೆ ಭಾವನವರಿಗೆ ಕಿವಿ ಮಂದವಾಗುತ್ತಾ ಬಂತು. ಗಿರಣಿ ಅನ್ನ ಕೊಟ್ಟಿತು, ಕಿವಿ ತೆಗೆದುಕೊಂಡಿತು. ಊಟಕ್ಕೆ ಕರೆದರೆ ಬರುವುದಿಲ್ಲ, ಹೋಗಿ ಭುಜ ಮುಟ್ಟಬೇಕು. ಡಾಕ್ಟರು ಕಿವಿಗೆ ಮಷಿನ್ ಬರೆದುಕೊಟ್ಟರು. ಒಂದು ದಿನ ಹಾಕಿಕೊಂಡರು, ಮೊಬೈಲಿನಲ್ಲಿ ತಾವೇ ತುಂಬಿಸಿಕೊಂಡು ಬಂದಿದ್ದ ಇಂಜಿನ್ನಿನ ಸಿಳ್ಳೆ ಕೇಳಿದರು, ತೆಗೆದು ಡಬ್ಬಿಗೆ ಹಾಕಿದರು. ಮತ್ತೆ ಆ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

ಆಮೇಲೊಂದು ದಿನ ಬಂಡ್ರಿಯಲ್ಲಿರುವ ಅಕ್ಕನ ತವರಿಗೆ ಹೋಗಿ ಬರುತ್ತಿದ್ದೆವು. ಸಂಡೂರಿನ ಕಡೆಯ ಒಂದು ಪುಟ್ಟ ಸ್ಟೇಷನ್ನಿನ ಬಳಿ ಭಾವನವರು ಕಾರು ನಿಲ್ಲಿಸಿದರು. ಹಿಂದೆ ಉಗಿ ಇಂಜಿನ್ನಿಗೆ ನೀರು ಕುಡಿಸುತ್ತಿದ್ದ ಕಬ್ಬಿಣದ ಕಂಬವೊಂದು ಅಲ್ಲಿ ಇನ್ನೂ ನಿಂತಿದೆ; ತಲೆಯ ಮೇಲೆ ಆನೆಯ ಸೊಂಡಿಲಿನಂತೆ ಬಾಗಿದ ಕೊಳವೆ. ಸೊಂಡಿಲು ಪೂರ್ತಿ ಫೋಟೋದಲ್ಲಿ ಬರಲೆಂದು ಭಾವನವರು ಕಣ್ಣಿಗೆ ಕ್ಯಾಮೆರಾ ಹಿಡಿದು ಹಿಂದಕ್ಕೆ ಹೆಜ್ಜೆ ಇಟ್ಟರು, ಮತ್ತೂ ಹಿಂದಕ್ಕೆ. ಹಿಂದೆ ಹಳಿಯಿತ್ತು. ಹಳಿಯ ಮೇಲೆ ಅದಿರು ತುಂಬಲು ಹೊರಟ ಗೂಡ್ಸ್ ಬರುತ್ತಿತ್ತು.

ಹಾರ್ನ್ ಹೊಡೆಯಿತು. ನಾನು ಕೂಗಿದೆ. ಅಕ್ಕ ಕೂಗಿದರು. ಸೊಂಡಿಲನ್ನೇ ನೋಡುತ್ತಿದ್ದ ಆ ಮನುಷ್ಯನಿಗೆ ಯಾವುದೂ ಕೇಳಲಿಲ್ಲ. ಮಂಡಿನೋವಿಗೆ ಮೆಟ್ಟಿಲು ಹತ್ತಲಾರದ ಅಕ್ಕ ಹೇಗೆ ಓಡಿದರೋ ಶಿವನೇ ಬಲ್ಲ. ಅಂಗಿ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಜಲ್ಲಿಕಲ್ಲಿನ ಮೇಲೆ ಬಿದ್ದರು. ಗಾಡಿ ಪಕ್ಕದಲ್ಲೇ ಹಾದುಹೋಯಿತು.

"ಫೋಟೋ ಅಲುಗಾಡಿತಲ್ಲೇ" ಎಂದರು ಭಾವನವರು, ಬಿದ್ದಲ್ಲಿಂದಲೇ. ನಾವು ಯಾರೂ ನಗಲಿಲ್ಲ.

ಮನೆಗೆ ಬಂದ ಮೇಲೆ ಅಕ್ಕ ಅವರ ಕಿವಿಯ ಹತ್ತಿರ ಬಾಯಿಟ್ಟು ಹೇಳಿದರು: "ಒಂದೋ ಮಷಿನ್ ಹಾಕ್ಕೊಳ್ರಿ. ಇಲ್ಲಾಂದ್ರ ಕ್ಯಾಮೆರಾ ಬಿಡ್ರಿ. ನನಗ ನೀವು ಬೇಕು." ಮಷಿನ್ ಹಾಕಿಕೊಳ್ಳುತ್ತಾರೆ ಎಂದೇ ನಾವೆಲ್ಲ ತಿಳಿದೆವು. ಭಾವನವರು ಎದ್ದು ಹೋಗಿ ಕ್ಯಾಮೆರಾವನ್ನು ಟ್ರಂಕಿಗೆ ಹಾಕಿ, ಬೀಗದಕೈ ತಂದು ಅಕ್ಕನ ಅಂಗೈಯಲ್ಲಿಟ್ಟರು.

"ಆ ಮಷಿನ್ನಿನ್ಯಾಗ ಸಿಳ್ಳೆ ತಾಟಿಗೆ ಸವಟು ಬಡದಂಗ ಕೇಳತೈತಿ. ನಾ ಸಣ್ಣಾಂವ ಇದ್ದಾಗ ಕೇಳಿದ್ದು ಇನ್ನೂ ಕಿವ್ಯಾಗ ಐತಿ. ಅದನ್ನ ಕೆಡಿಸಿಕೊಳ್ಳಾಕ ನಾ ಒಲ್ಲೆ" ಎಂದರು.

ಅಕ್ಕ ಗೆದ್ದರು. ಗೆದ್ದ ಮನೆ ಹೇಗಿತ್ತು ಎನ್ನುತ್ತೀರಿ? ಭಾವನವರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತರೆ ಕೂತೇ ಇರುತ್ತಿದ್ದರು. ಗೋಡೆಯ ಫೋಟೋವನ್ನೂ ನೋಡುತ್ತಿರಲಿಲ್ಲ. ಬಡಿಸಿದ ರೊಟ್ಟಿ ಅರ್ಧ ಉಳಿಯುತ್ತಿತ್ತು. ಜೀವ ಉಳಿದದ್ದಕ್ಕೆ ನಾನು ದಿನಾ ಶಿವನಿಗೆ ಕೈಮುಗಿಯುತ್ತಿದ್ದೆ. ಆದರೆ ಉಳಿದದ್ದು ಯಾವ ಭಾಗ ಎಂದು ಸಂಶಯವೂ ಬರುತ್ತಿತ್ತು. ಅಕ್ಕ ಒಲೆಯ ಮುಂದೆ ಒಮ್ಮೆ ಅಂದರು: "ಮನ್ಯಾಗ ಕುಂದ್ರಿಸಿ ಕಳಕೊಳ್ಳಾಕತ್ತೀನಿ ತಂಗೀ."

ಮರುದಿನ ಪೂಜೆಯಾದ ಮೇಲೆ ಅಕ್ಕ ತಾವೇ ಟ್ರಂಕು ತೆರೆದು, ಕ್ಯಾಮೆರಾ ತಂದು ಗಂಡನ ಕೊರಳಿಗೆ ಹಾರದಂತೆ ಹಾಕಿದರು. "ಸೊಂಡಲದ್ದು ಅರ್ಧಕ್ಕ ಉಳದೈತಿ. ಏಳ್ರಿ, ಹೋಗೂನು." ಭಾವನವರಿಗೆ ಕೇಳಿಸಿತೋ ಇಲ್ಲವೋ, ಚಪ್ಪಲಿ ಮೆಟ್ಟಿಕೊಂಡಿದ್ದರು!

ಅದೇ ಸ್ಟೇಷನ್. ಅಲ್ಲಿದ್ದವರಿಗೆ ಹೇಳಿ, ಹಳಿಯಿಂದ ದೂರ ಒಂದು ಜಾಗ ಗೊತ್ತುಮಾಡಿದೆವು. ಅಕ್ಕ ತಮ್ಮ ಸೀರೆಯ ಸೆರಗಿನ ತುದಿಯನ್ನು ಭಾವನವರ ಮಣಿಕಟ್ಟಿಗೆ ಗಂಟು ಹಾಕಿದರು.

"ಇದೇನಕ್ಕಾ?" ಎಂದೆ.

"ಲಗ್ನದಾಗ ಅಯ್ನಾರು ಗಂಟು ಹಾಕಿದ್ರು, ಈಗ ನಾನ ಹಾಕೀನಿ. ನೀ ಸುಮ್ನ ನಿಂದ್ರು."

ಭಾವನವರು ಕಂಬದ ಕಡೆ ಮುಖಮಾಡಿದರು. ಅಕ್ಕ ಅವರ ಬೆನ್ನಿಗೆ ಬೆನ್ನು ಕೊಟ್ಟು, ಬಂಡಿ ಬರುವ ದಿಕ್ಕಿಗೆ ಕಣ್ಣು ನೆಟ್ಟು ನಿಂತರು. ದೂರದಲ್ಲಿ ಗೂಡ್ಸ್ ಕಂಡದ್ದೇ ಸೆರಗು ಜಗ್ಗಿದರು. ಭಾವನವರು ಸಾಧು ಕರುವಿನಂತೆ ತಿರುಗಿ ಅವರ ಪಕ್ಕಕ್ಕೆ ಬಂದರು. ಕರೆಂಟಿನ ಇಂಜಿನ್ ಒರಟಾಗಿ ಹಾರ್ನ್ ಹೊಡೆದು, ಖಾಲಿ ಡಬ್ಬಿಗಳನ್ನೆಳೆದುಕೊಂಡು ದಡದಡನೆ ಹೋಯಿತು.

"ಸಿಳ್ಳೆ ಹಾಕ್ತೇನು?" ಎಂದು ಭಾವನವರು ಕೇಳಿದರು.

ಬೀದಿಯಲ್ಲಿ ತರಕಾರಿಯವನನ್ನು ಕೂಗಲೂ ನಾಚುವ ನಮ್ಮಕ್ಕ ಎರಡೂ ಅಂಗೈಗಳನ್ನು ಬೊಗಸೆ ಮಾಡಿ ಗಂಡನ ಕಿವಿಗೆ ಹಚ್ಚಿ, ಅದರೊಳಗೆ ಬಾಯಿಟ್ಟು, ಮೆಲ್ಲಗೆ "ಕೂ..." ಎಂದರು.

ಭಾವನವರು ಕಣ್ಣು ಮುಚ್ಚಿದರು. ಮುಚ್ಚಿಕೊಂಡೇ "ಇನ್ನೊಂದ್ ಸಲ" ಎಂದರು.

ಅಕ್ಕ ಯಾರಾದರೂ ನೋಡುತ್ತಿದ್ದಾರೇನೋ ಎಂದು ಸುತ್ತ ನೋಡಿದರು. ನಾನು ಬೇಗನೆ ಗುಡ್ಡದ ಕಡೆ ಮುಖ ತಿರುಗಿಸಿಕೊಂಡೆ. ಬೆನ್ನ ಹಿಂದಿನಿಂದ ಮತ್ತೆ ಕೇಳಿಸಿತು, ಈ ಸಲ ತುಸು ಉದ್ದವಾಗಿ.