ಅಮ್ಮನ ಖುರಿಸ್, ನನ್ನ ಕುರ್ಸಿ

ನಾಲ್ಕಾರು ಭಾಷೆ ಬಲ್ಲವನಿಗೆ ಒಂದು ದೊಡ್ಡ ಅನುಕೂಲವಿದೆ. ನಿಂತ ನಿಲುವಿನಲ್ಲೇ ಇಬ್ಬರಿಗೆ ಎರಡು ಸುಳ್ಳು ಹೇಳಬಹುದು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ದೋಹಾಕ್ಕೆ ಬಂದ ಮೇಲೆ ನಾನು ಆಫೀಸಿನಲ್ಲಿ ಇಂಗ್ಲಿಷ್, ನಜ್ಮಾ ಬಡಾವಣೆಯ ಟೈಲರನ ಹತ್ತಿರ ಮಲಯಾಳ, ಟ್ಯಾಕ್ಸಿಯವನ ಹತ್ತಿರ ಹಿಂದಿ, ಮನೆಯಲ್ಲಿ ಕೊಂಕಣಿ, ಮಂಗಳೂರಿನ ಗೆಳೆಯರ ಹತ್ತಿರ ಕನ್ನಡ ಮಾತಾಡುತ್ತಾ, ನನ್ನಂಥ ಮಾತುಗಾರ ಇಲ್ಲವೆಂದು ಬೀಗುತ್ತಿದ್ದೆ. ಆ ಗರ್ವ ಇಳಿಸಿದವರು ಅಮ್ಮ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನನ್ನ ಹೆಂಡತಿ ಐರಿನ್‌ಳ ಬಾಣಂತನಕ್ಕೆಂದು ಅಮ್ಮ ಊರಿನಿಂದ ಬಂದಿದ್ದರು. ಐರಿನ್‌ಗೆ ಹಿಂದೊಮ್ಮೆ ಗರ್ಭಪಾತವಾಗಿತ್ತು. ಆದ್ದರಿಂದ ಈ ಸಲ ಹೆರಿಗೆಯಾಗುವ ತನಕ ಪ್ರತಿ ಶುಕ್ರವಾರ ಖುರಿಸಿನ ಮುಂದೆ ಮೊಣಕಾಲೂರಿ ಪ್ರಾರ್ಥಿಸುತ್ತೇನೆಂದು ಅಮ್ಮ ಹರಕೆ ಹೊತ್ತಿದ್ದರು. ಖುರಿಸ್ ಎಂದರೆ ನಮ್ಮ ಕೊಂಕಣಿಯಲ್ಲಿ ಶಿಲುಬೆ. ನಮ್ಮೂರ ಇಗರ್ಜಿಯ ಅಂಗಳದಲ್ಲಿ ಆಳೆತ್ತರದ ಒಂದು ಹಳೆಯ ಕಲ್ಲಿನ ಶಿಲುಬೆ ಇದೆ. ಪೋರ್ಚುಗೀಸರ ಕಾಲದ್ದು ಎನ್ನುವವರಿದ್ದಾರೆ, ಅದಕ್ಕೂ ಹಿಂದಿನದು ಎಂದು ಜಗಳಕ್ಕೆ ನಿಲ್ಲುವವರೂ ಇದ್ದಾರೆ. ಅದರ ಮೇಲಿನ ಬರಹ ಮಳೆಗೆ ಸವೆದಿದೆ, ಬುಡ ಮೇಣದಬತ್ತಿಯ ಮಸಿಗೆ ಕಪ್ಪಾಗಿದೆ. ಅಮ್ಮ ಮೊದಲು ಅದನ್ನು ಮುಟ್ಟಿ, ಬೆರಳಿಗೆ ಮುತ್ತಿಟ್ಟು, ಮೊಣಕಾಲೂರಿ, ಆಮೇಲೆ ಒಳಗೆ ಹೋಗುವವರು. ನನಗೆ ಅದರಿಂದಾದ ಉಪಯೋಗವೆಂದರೆ, ಪಾದ್ರಿಯವರ ಪ್ರವಚನ ಉದ್ದವಾದಾಗ ಅದರ ಹಿಂದೆ ನಿಂತು ಹರಟೆ ಹೊಡೆದದ್ದು.

ಕತಾರಿನಲ್ಲಿ ಇಗರ್ಜಿ ಇದೆ, ಆದರೆ ಹೊರಗೆ ಶಿಲುಬೆ ಇಡುವ ಕ್ರಮವಿಲ್ಲ. ಇದನ್ನು ಅಮ್ಮನಿಗೆ ಮೊದಲೇ ಹೇಳಬೇಕಿತ್ತು. ಇಷ್ಟು ವರ್ಷ ಹೋಗಿ ಬಂದರೂ ಅದು ಇಲ್ಲವೆಂಬುದು ನನಗೇ ಹೊಳೆದಿರಲಿಲ್ಲ. ಮೊದಲ ಶುಕ್ರವಾರ ನಾನು ಕಾರು ನಿಲ್ಲಿಸಿ ಬರುವಷ್ಟರಲ್ಲಿ ಅಮ್ಮ ಅಂಗಳವನ್ನೆಲ್ಲ ಹುಡುಕಿ, ಬಾಗಿಲ ಬಳಿಯ ನೇಪಾಳಿ ಕಾವಲುಗಾರನನ್ನು ಹಿಡಿದು, "ಖುರಿಸ್? ಖುರಿಸ್?" ಎಂದು ಕೇಳುತ್ತಿದ್ದರು.

"ಕುರ್ಸಿ? ಅಭೀ ಲಾತಾ ಹೂಂ, ಮಾತಾಜಿ," ಎಂದು ಅವನು ಓಡಿಹೋಗಿ ಒಂದು ಬಿಳಿ ಪ್ಲಾಸ್ಟಿಕ್ ಕುರ್ಚಿ ತಂದು ನೆರಳಿನಲ್ಲಿಟ್ಟ. ಹಿಂದಿಯಲ್ಲೂ ಅರಬ್ಬಿಯಲ್ಲೂ ಕುರ್ಚಿ ಎಂದರೆ ಕುರ್ಸಿಯೇ. ನಮ್ಮ ಮನೆಯ ಕೊಂಕಣಿಯಲ್ಲಿ ಅದು ಕದೆಲ್. ಅಮ್ಮ ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು. "ಇದೆಂತ ಪುತಾ?"

ಒಂದೇ ಮಾತಿನಲ್ಲಿ ಬಿಡಿಸಿ ಹೇಳಬಹುದಿತ್ತು. ಆದರೆ ಹಿಂದೆ ಜನ ಸಾಲುಗಟ್ಟಿದ್ದರು, ಅವರ ನಡುವೆ ನಮ್ಮ ಮ್ಯಾನೇಜರು ಸಂಸಾರ ಸಮೇತ ನಿಂತು ನೋಡುತ್ತಿದ್ದರು. ನನ್ನ ಮುಖ ಬಿಸಿಯಾಯಿತು. ಕಾವಲುಗಾರನಿಗೆ ಹಿಂದಿಯಲ್ಲಿ, ಅಮ್ಮನಿಗೆ ಮಂಡಿ ನೋವು, ಬಹಳ ಉಪಕಾರವಾಯಿತು ಎಂದೆ. ಅಮ್ಮನಿಗೆ ಕೊಂಕಣಿಯಲ್ಲಿ, ಇಲ್ಲಿ ಹೊರಗೆ ಖುರಿಸ್ ಇಲ್ಲ, ಹಿರಿಯರು ಕೂತೇ ಪ್ರಾರ್ಥನೆ ಮಾಡಬೇಕೆಂದು ರೂಲ್ಸ್ ಇದೆ ಎಂದೆ.

"ಮೊಣಕಾಲೂರಿದ್ರೆ ಎಂತ ಮಾಡ್ತಾರೆ?"

"ಬೇಡಮ್ಮ, ನನ್ನ ವೀಸಾಕ್ಕೆ ತೊಂದರೆ."

ಊರಿನ ತಾಯಂದಿರು ವೀಸಾ ಎಂಬ ಶಬ್ದಕ್ಕೆ ಹೆದರುವಷ್ಟು ದೆವ್ವಕ್ಕೂ ಹೆದರುವುದಿಲ್ಲ. ಗದ್ದೆಯ ಬದುವಿನ ಮೇಲೆ ಈಗಲೂ ಸರಸರ ನಡೆಯುವ ಅಮ್ಮ, ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕಾಯುವವರ ಹಾಗೆ ಮುದುಡಿ ಕೂತರು. ಆಮೇಲೆ ಪ್ರತಿ ಶುಕ್ರವಾರವೂ ಇದೇ. ಅವನು ಕುರ್ಚಿ ತರುವುದು, ಅಮ್ಮ ಕೂರುವುದು, ಮಂಡಿ ಹೇಗಿದೆ ಎಂದು ಅವನು ಕೇಳುವುದು, ಸ್ವಲ್ಪ ಕಡಿಮೆ ಎಂದು ನಾನು ಹೇಳುವುದು. ಸುಳ್ಳು ನೋವಾದರೂ ವಾಸಿಯಾಗುತ್ತಾ ಬರಬೇಕಲ್ಲ.

ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಸುಖ. ಬಾಣಂತನ ಮುಗಿಸಿ ಅಮ್ಮ ಊರಿಗೆ ಹೋದರು, ಖಲಾಸ್ ಎಂದುಕೊಂಡೆ. ಒಂದು ಶುಕ್ರವಾರ ಅಮ್ಮ ಫೋನ್ ಎತ್ತಲಿಲ್ಲ. ಪಕ್ಕದ ಮನೆಯ ಲಿಲ್ಲಿಬಾಯಿಗೆ ವಿಡಿಯೊ ಕಾಲ್ ಮಾಡಿದೆ. ಅವರು ಇಗರ್ಜಿಯ ಅಂಗಳದಲ್ಲಿದ್ದರು. ಫೋನ್ ತಿರುಗಿಸಿ ತೋರಿಸಿದರು. ಕಲ್ಲಿನ ಶಿಲುಬೆಯ ಮುಂದೆ, ಜಲ್ಲಿಯ ಮೇಲೆ, ಅಮ್ಮ ಮೊಣಕಾಲೂರಿದ್ದರು.

"ದೋಹಾದಲ್ಲಿ ಕೂತು ಮಾಡಿದ್ದು ಹರಕೆಗೆ ಸಲ್ಲುವುದಿಲ್ಲವಂತೆ ಮಾರಾಯ. ಅಲ್ಲಿ ಕೂತ ಶುಕ್ರವಾರಗಳನ್ನೆಲ್ಲ ಇಲ್ಲಿ ಪುನಃ ತೀರಿಸ್ತಾ ಇದ್ದಾರೆ. ಮಂಡಿ ಬಾತು ಹೋಗಿದೆ, ಹೇಳಿದ್ರೆ ಕೇಳುವುದಿಲ್ಲ."

ನನ್ನ ಸುಳ್ಳು ಕೊನೆಗೂ ನಿಜವಾಗಿತ್ತು. ಕುರ್ಚಿ ಮಾತ್ರ ದೋಹಾದಲ್ಲಿ ಉಳಿದಿತ್ತು. ಕುರ್ಚಿಯಲ್ಲಿ ಕೂರಲು ಅಮ್ಮನಿಗೆ ಹೇಳಹೊರಟೆ. ಕದೆಲ್ ಎಂಬ ಶಬ್ದ ಎಷ್ಟು ತಡಕಾಡಿದರೂ ಬಾಯಿಗೆ ಬರಲಿಲ್ಲ. ಇಲ್ಲಿ ಆಡಿ ಆಡಿ ರೂಢಿಯಾದದ್ದೇ ಬಂತು. "ಅಮ್ಮಾ, ಕುರ್ಸಿ! ಕುರ್ಸಿ!" ಎಂದು ಕೂಗಿದೆ.

ಅಮ್ಮ ತಿರುಗಿ ನೋಡಿದರು. ಮುಖ ಅರಳಿತು. "ಹೌದು ಪುತಾ, ಖುರಿಸ್! ಕಾಣ್ತದಾ? ನೀನೂ ಅಲ್ಲಿಂದಲೇ ಒಂದು ಮೊಣಕಾಲೂರು. ಮನೆಯೊಳಗೆ ಅಲ್ವಾ, ವೀಸಾಕ್ಕೆ ತೊಂದರೆ ಆಗ್ಲಿಕ್ಕಿಲ್ಲ."

ಕೂತಿದ್ದ ಕುರ್ಚಿಯಿಂದ ಇಳಿದು ನೆಲಕ್ಕೆ ಮೊಣಕಾಲೂರಿದೆ. ಮಗುವನ್ನೆತ್ತಿಕೊಂಡು ಬಂದ ಐರಿನ್ ಬಾಗಿಲಲ್ಲೇ ನಿಂತಳು.

"ಎಂತ ಬಿತ್ತು, ಹುಡುಕ್ತಾ ಇದ್ದೀರಿ?"

"ಪೆನ್ನು," ಎಂದೆ.