ಹುಡುಗ ಸಮಾಧಾನಿಯಾ?

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತರೀಕೆರೆ, ಅಜ್ಜಂಪುರ, ಬೀರೂರು ದಾರಿಯ ಬಸ್ಸಿನ ಕಂಡಕ್ಟರ್. ಗಂಡು ವಿಚಾರಿಸುವವರು ಮೊದಲು ಹತ್ತುತ್ತಿದ್ದದ್ದು ನಮ್ಮ ಬಸ್ಸನ್ನೇ. ಕೇಳುತ್ತಿದ್ದದ್ದು ಒಂದೇ: "ಹುಡುಗ ಸಮಾಧಾನಿಯಾ?" ಅಂದರೆ ಸಿಟ್ಟು ಬಾರದವನು, ಕೂಗಾಡದವನು, ಹಾಕಿದ್ದನ್ನು ತಿಂದು ಏಳುವವನು. ನಾನು ಹೂಂ ಅಂದರೆ ಅರ್ಧ ಮದುವೆ ಮುಗಿದ ಹಾಗೆ. ಆಮೇಲೆ ಏನಾದರೊಂದು ಫಜೀತಿ ಆಗುತ್ತಲೇ ಇತ್ತು. ಊರಿಗೆಲ್ಲ ಮದುವೆ ಮಾಡಿಸಿದ ನನಗೇ ಹೆಣ್ಣು ಸಿಗುತ್ತಿರಲಿಲ್ಲ. ನನ್ನ ಬಾಯಿ ಜೋರು.

ಮುಹೂರ್ತ

ಅಜ್ಜಂಪುರದ ಜವಳಿ ಅಂಗಡಿಯ ಹುಡುಗನ ಬಗ್ಗೆ ಕೇಳಿದರು. "ಬಲು ಸಮಾಧಾನಿ. ಬಸ್ಸು ಹೊರಟ್ರೂ ಓಡಲ್ಲ" ಅಂದೆ. ಮದುವೆಯ ದಿನ ಮುಹೂರ್ತ ಹತ್ತಿರ ಬಂದರೂ ಮದುಮಗನ ಸುಳಿವಿಲ್ಲ. ಹುಡುಕಿದರೆ ಸ್ಟೇಷನ್ ಎದುರು ಕ್ಷೌರಕ್ಕೆ ಕೂತಿದ್ದ. "ನಾನಿಲ್ದೆ ಅಲ್ಲಿ ತಾಳಿ ಕಟ್ಟೋರು ಯಾರು? ಬತ್ತೀನಿ, ನಡೀರಿ" ಅಂದನಂತೆ.

ಉಪ್ಪಿಟ್ಟು

ತರೀಕೆರೆಯ ಒಂದು ಮನೆಯಲ್ಲಿ ನನ್ನ ಮಾತು ಸಾಲಲಿಲ್ಲ. ಗಂಡಿನ ಸಮಾಧಾನ ಅಳೆಯಲು ಹುಡುಗಿಯ ಸೋದರತ್ತೆ ಬೇಕೆಂದೇ ಉಪ್ಪಿಟ್ಟಿಗೆ ಉಪ್ಪು ಸುರಿದಿದ್ದಳು. ಹುಡುಗ ಹುಬ್ಬೂ ಗಂಟಿಕ್ಕದೆ ಖಾಲಿ ಮಾಡಿ ಇನ್ನೊಂದಿಷ್ಟು ಹಾಕಿಸಿಕೊಂಡ. ಮನೆಯವರೆಲ್ಲ ಕರಗಿಹೋದರು. ಮದುವೆಯಾದ ಮೇಲೆ ಹೆಂಡತಿ ಕೇಳಿದರೆ, "ಉಪ್ಪಾ? ನಮ್ಮವ್ವ ಹಾಕೋದಕ್ಕಿಂತ ಕಮ್ಮೀನೇ ಇತ್ತು ಕಣೇ" ಅಂದ.

ನನ್ನ ಸರದಿ

ಕೊನೆಗೂ ಬೀರೂರಿಗೆ ಈಚೆಯ ಒಂದು ಹಳ್ಳಿಯಿಂದ ನನಗೊಂದು ಸಂಬಂಧ ಬಂತು. ಇದೂ ತಪ್ಪಿದರೆ ಬ್ರಹ್ಮಚಾರಿಯಾಗಿಯೇ ಸಾಯುತ್ತೇನೆಂದು ನನಗೆ ನಿಜಕ್ಕೂ ಭಯ. ನನ್ನನ್ನು ಸಮಾಧಾನಿ ಎಂದು ಹೊಗಳುವುದಾಗಿ ಡ್ರೈವರ್ ಮಾತು ಕೊಟ್ಟಿದ್ದ.

ಒಂದು ದಿನ ಅಜ್ಜಂಪುರದಲ್ಲಿ ಒಬ್ಬ ಯಜಮಾನ ಹತ್ತಿ, ಈರುಳ್ಳಿ ಮೂಟೆಯನ್ನು ಬಾಗಿಲಿಗೇ ಅಡ್ಡ ಇಟ್ಟ. ಬೈಯದೆ ನಾನೇ ಪಕ್ಕಕ್ಕೆ ಎಳೆದೆ. ದಾರಿಯಲ್ಲಿ ನೀರು ಕುಡಿಯಬೇಕೆಂದು ಬಸ್ಸು ನಿಲ್ಲಿಸಿದ. ಹಲ್ಲು ಕಚ್ಚಿಕೊಂಡೆ. ಆಮೇಲೆ ನಿದ್ದೆ ಹೋದವನು ಬೀರೂರು ಹತ್ತಿರ ಎದ್ದು, "ನಮ್ಮೂರು ಹಿಂದಾಯ್ತಲ್ಲ, ಸ್ವಲ್ಪ ತಿರುಗ್ಸಿ" ಅಂದ.

"ಲೇ ಯಜಮಾನ, ಇದೇನು ನಿಮ್ಮಪ್ಪನ ಎತ್ತಿನಗಾಡೀನಾ?" ಎಂದು ನಾನು ಕೂಗಿದ್ದು ಇಡೀ ಬೀರೂರಿಗೆ ಕೇಳಿತು.

ಆಗಷ್ಟೇ ತಿರುಗಿ ಯಜಮಾನನ ಮುಖ ನೋಡಿದ ಡ್ರೈವರ್ ತಲೆ ಮೇಲೆ ಕೈಹೊತ್ತು, "ಹೆಣ್ಣಿನಪ್ಪ ಕಣೋ ಅವ್ರು" ಅಂದ.

ಯಜಮಾನ ಡ್ರೈವರನ್ನು ಕೇಳಿದ: "ದಿನಾ ಹಿಂಗೇ ಕೂಗಾಡ್ತಾರಾ?"

ಪಾಪ, ಅವನಿಗೆ ಸುಳ್ಳು ಹೊಳೆಯಲಿಲ್ಲ. "ದಿನಾ" ಅಂದ.

"ಹಂಗಾದ್ರೆ ಹೆಣ್ಣು ಕೊಟ್ಟೆ. ಮನೇಲಿ ಇಬ್ರು ಸಮಾಧಾನಿ ಅಳಿಯಂದ್ರವ್ರೆ. ಯುಗಾದಿಗೆ ಬಂದೋರು, ದೀಪಾವಳಿ ಆದ್ರೂ ಎದ್ದಿಲ್ಲ. ಅವರ್ನ ಎಬ್ಬಿಸಿ ಕಳ್ಸೋಕೆ ಇಂಥ ಗಂಟ್ಲೇ ಬೇಕು."