ಪೆಟ್ಟಿಲ್ಲದ ಪೆಟ್ಟಿಗೆ

ಆ ಬೆಳಿಗ್ಗೆ ಬೀದಿಯ ತುದಿಯಲ್ಲಿ ಮೂರು ಕಾಲಿನ ಯಂತ್ರವೊಂದು ಬಂದು ನಿಲ್ಲದೇ ಇದ್ದಿದ್ದರೆ, ಟಣಟಣ ಸಂಜೆಯೊಳಗೆ ಬೇಕರಿಯವನ ಬ್ರೆಡ್ ಟ್ರೇಗಳನ್ನು ಬಡಿದು ಮುಗಿಸಿ, ಕೈಕಾಲು ತೊಳೆದು, ಹೆಂಡತಿ ಬೈಯುವ ಮೊದಲೇ ಊಟಕ್ಕೆ ಕೂತುಬಿಡಬಹುದಿತ್ತು.

ಟಣಟಣ ಎಂಬುದು ಅವನ ಹೆಸರಲ್ಲ, ಅವನ ಸದ್ದು. ತಗಡು ಬಡಿಯುವುದು ಕಸುಬು. ಟ್ರಂಕು, ಡಬ್ಬ, ಟ್ರೇ, ತಗಡಿನಲ್ಲಿ ಏನು ಕೇಳಿದರೂ ಮಾಡಿಕೊಡುತ್ತಿದ್ದ. ಆದಾಯವೂ ತಗಡೇ. ಅಂಥದ್ದರಲ್ಲಿ ಪಕ್ಕದ ಬೀದಿಯಲ್ಲಿ ಹೊಸದಾಗಿ ಬಾಗಿಲು ತೆರೆಯಲಿದ್ದ ಬೇಕರಿಯವನು ಬಂದು, "ಇವತ್ತು ಸಂಜೆಯೊಳಗೆ ಟ್ರೇ ಕೊಟ್ರೆ ಇನ್ಮುಂದೆ ನಮ್ಮ ತಗಡಿನ ಕೆಲಸವೆಲ್ಲ ನಿನಗೇ. ಇಲ್ದಿದ್ರೆ ಪೇಟೆಯವನು ಇದ್ದಾನೆ" ಎಂದು ಹೇಳಿ ಹೋಗಿದ್ದ. ಟಣಟಣನ ಪಾಲಿಗೆ ಅದು ಬರೀ ಟ್ರೇ ಅಲ್ಲ, ಮುಂದಿನ ವರ್ಷಗಳ ಅನ್ನ.

ತಗಡು ಕತ್ತರಿಸಿ, ಅಡಿಗಲ್ಲಿನ ಮೇಲಿಟ್ಟು, ಸುತ್ತಿಗೆ ಎತ್ತಿದ. ಎತ್ತಿದ ಕೈ ಇಳಿಯಲಿಲ್ಲ. ಹಿಂದಿನಿಂದ ಯಾರೋ ಹಿಡಿದುಕೊಂಡಿದ್ದರು. ನೋಡಿದರೆ ನಿವೃತ್ತ ಹೆಡ್ಮೇಷ್ಟ್ರು. ನಿವೃತ್ತಿಯಾಗಿದ್ದು ಶಾಲೆಯಿಂದ ಮಾತ್ರ. ಬೀದಿಗೆ ಅವರಿನ್ನೂ ಹೆಡ್ಡೇ.

"ಏ ಟಣಟಣ, ಆ ಯಂತ್ರ ನೋಡಿದ್ಯಾ?"

"ನೋಡ್ದೆ ಮೇಷ್ಟ್ರೇ. ಫೋಟೋ ತೆಗೆಯೋರಾ?"

"ಫೋಟೋ ಅಲ್ವೋ, ಸದ್ದು ತೆಗೆಯೋರು! ಹೊಸ ಕಂಟೇನರ್ ಬಂದರಿನವರು ಕಳಿಸಿದ್ದಾರೆ. ನಮ್ಮ ಬೀದಿ ಹಗಲೆಲ್ಲ ಎಷ್ಟು ಸದ್ದು ಮಾಡುತ್ತೆ ಅಂತ ಅಳೀತಾರಂತೆ."

ಕಡಲಂಚಿನ ಬಯಲಿನಲ್ಲಿ ಬಂದರು ಸದ್ಯದಲ್ಲೇ ಶುರುವಾಗಲಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಡಗುಗಳಲ್ಲಿ ಬರುವುದೂ ತಗಡಿನ ಪೆಟ್ಟಿಗೆ, ಟಣಟಣ ಮಾಡುವುದೂ ತಗಡಿನ ಪೆಟ್ಟಿಗೆ. ಅವನದರಲ್ಲಿ ನಾಲ್ಕು ಜೊತೆ ಬಟ್ಟೆ ಇಡಬಹುದು, ಅವರದರಲ್ಲಿ ಅವನ ಅಂಗಡಿಯನ್ನೇ ಇಡಬಹುದು, ವ್ಯತ್ಯಾಸ ಅಷ್ಟೇ. ಆ ಪೆಟ್ಟಿಗೆಗಳನ್ನು ಹೊತ್ತ ಲಾರಿಗಳು ಯಾವ ಬೀದಿಯಲ್ಲಿ ಹೋಗುತ್ತವೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ವಿವರಿಸುವುದೇ ಮೇಷ್ಟ್ರ ಜೀವಮಾನದ ವೃತ್ತಿ.

"ನೋಡು, ಗದ್ದಲದ ಬೀದಿ ಅಂತ ಬರಕೊಂಡ್ರೋ, 'ಹೇಗೂ ಸಂತೆ ಥರ ಇದೆ, ಲಾರೀನೂ ಇಲ್ಲೇ ಹೋಗ್ಲಿ' ಅಂತಾರೆ. ಸೂಜಿ ಬಿದ್ರೂ ಕೇಳೋ ಬೀದಿ ಅಂತ ಬರಕೊಂಡ್ರೆ? ಯಾವ ಮುಖ ಇಟ್ಕೊಂಡು ಲಾರಿ ತರ್ತಾರೆ? ಅದಕ್ಕೇ ಇವತ್ತೊಂದು ದಿನ ಬೀದಿಗೆ ಮೌನ!"

"ನನ್ನ ಟ್ರೇ ಮೇಷ್ಟ್ರೇ..."

"ಬಡಿ, ಬೇಡ ಅಂದೋರ್ಯಾರು? ಸದ್ದಾಗದ ಹಾಗೆ ಬಡಿ."

"ಪೆಟ್ಟಿಲ್ದೆ ಪೆಟ್ಟಿಗೆ ಆಗುತ್ತಾ?"

"ಪ್ರಾಸ ಚೆನ್ನಾಗಿದೆ. ಮೆಲ್ಲಗೆ ಹೇಳು" ಎಂದು ಮೇಷ್ಟ್ರು ತುದಿಗಾಲಲ್ಲಿ ಹೊರಟುಹೋದರು.

ಬೀದಿ ಬಾಯಿ ಹೊಲಿದುಕೊಂಡಿತು. "ಸೊಪ್ಪೋ... ಸೊಪ್ಪೋಯ್!" ಎಂದು ಮೂರು ಬೀದಿಗೆ ಕೇಳುವಂತೆ ಕೂಗುತ್ತಿದ್ದವನು ಅಂದು ಗಾಜಿನ ತೊಟ್ಟಿಯ ಮೀನಿನಂತೆ ಬರೀ ತುಟಿ ಆಡಿಸುತ್ತ ಸಾಗಿದ. ಟೈಲರ್ ಹೊಲಿಗೆಯಂತ್ರದ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ಒಂದೊಂದೇ ಹೊಲಿಗೆ ಹಾಕಿದ. ನಲ್ಲಿಯ ಹತ್ತಿರ ಅತ್ತಿಗೆ ನಾದಿನಿಯರು ಹಳೆಯ ಜಗಳವನ್ನು ಕೈಸನ್ನೆಯಲ್ಲಿ ಮುಂದುವರಿಸಿದರು; ಅತ್ತಿಗೆಯ ಒಂದು ಬೈಗುಳ ಕೋಳಿ ರೆಕ್ಕೆ ಬಡಿದಂತೆ ಕಂಡು ನಾದಿನಿಗೆ ನಗು ಬಂದು, ಒಳ್ಳೆಯ ಜಗಳವೊಂದು ಹಾಳಾಯಿತು. ಎದುರುಮನೆಯ ಅಜ್ಜಿಗೆ ಕಿವಿ ಮಂದ, ಗಂಟಲು ಗಂಟೆ. ಆಕೆಯ ಬಾಯಿಗೆ ಮೇಷ್ಟ್ರು ಹಲ್ಲಿಗಂಟುವ ದೊಡ್ಡ ಮಿಠಾಯಿಯೊಂದನ್ನು ಇಟ್ಟು ಬಂದರು.

ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು ಬಂದರಿನವನು ಕಣ್ಣು ಮುಚ್ಚಿ ಕೂತಿದ್ದ. "ಹೇಗೆ ಆಲಿಸ್ತಿದ್ದಾನೆ ನೋಡ್ರೋ, ಏನು ಏಕಾಗ್ರತೆ!" ಎಂದು ಮೇಷ್ಟ್ರು ಪಿಸುಗುಟ್ಟಿದರು.

ಇತ್ತ ಟಣಟಣ ಸುತ್ತಿಗೆಗೆ ಹಳೆಯ ಬನಿಯನ್ ಸುತ್ತಿದ. ಟಣ್ ಎನ್ನುವ ಬದಲು ತೊಪ್ ಎಂದಿತು. ಟೈಲರ್ ಓಡಿಬಂದ.

"ಅಣ್ಣಾ, ಕೇಳಿಸ್ತಿದೆ!"

"ತೊಪ್ ಅಂದ್ರೂ ತಪ್ಪೇನಪ್ಪಾ?"

"ಯಂತ್ರಕ್ಕೆ ಟಣ್ ಯಾವ್ದು ತೊಪ್ ಯಾವ್ದು ಗೊತ್ತಾಗುತ್ತಾ? ಕೌದಿ ಹೊದ್ಕೊಂಡು ಬಡಿ."

ಅದನ್ನೂ ಮಾಡಿದ. ಅಡಿಗಲ್ಲು, ತಗಡು, ಟಣಟಣ ಮೂವರೂ ಒಂದೇ ಕೌದಿಯೊಳಗೆ. ಒಳಗೆ ಕತ್ತಲೆ, ಸೆಕೆ. ಹೊರಗಿನಿಂದ ನೋಡಿದವರಿಗೆ ಹಾಸಿಗೆಯೊಂದಕ್ಕೆ ಬಿಕ್ಕಳಿಕೆ ಹಿಡಿದಂತೆ ಕಾಣುತ್ತಿತ್ತು. ಕಾಣದ ತಗಡಿಗೆ ಹೊಡೆದ ಪೆಟ್ಟು ಹೆಬ್ಬೆರಳಿಗೆ ಬಿತ್ತು. ಅವನು "ಅಮ್..." ಎನ್ನುವಷ್ಟರಲ್ಲಿ ಹೆಂಡತಿ ಬಾಯಿಗೆ ಸೆರಗು ತುರುಕಿದಳು. "ಮ್ಮಾ" ಹೊಟ್ಟೆಯೊಳಗೇ ಉಳಿಯಿತು.

"ಏನೂಂದ್ರೆ, ಊರಿನ ಮಾತು ಕೇಳಿ ಬೆರಳು ಜಜ್ಜಿಕೊಳ್ಳೋ ಬುದ್ಧಿವಂತ ನೀವೊಬ್ರೇ ನೋಡಿ" ಎಂದು ಆಕೆ ಪಿಸುದನಿಯಲ್ಲಿ ಶುರುಮಾಡಿದಳು. ದಿನವೂ ಆಕೆ ಬೈಯುವಾಗ ಅರ್ಧ ಸುತ್ತಿಗೆಯಲ್ಲಿ ಮುಚ್ಚಿಹೋಗುತ್ತಿತ್ತು. ಅಂದು ಒಂದಕ್ಷರವೂ ವ್ಯರ್ಥವಾಗಲಿಲ್ಲ.

ಅಂತೂ ಹೊತ್ತು ಇಳಿಯುವಾಗ ಟ್ರೇಗಳು ಮುಗಿದವು. ಅವನ್ನು ಬೇಕರಿಗೆ ಸಾಗಿಸಲು ಇದ್ದದ್ದು ಒಂದೇ ದಾರಿ, ಯಂತ್ರದ ಮುಂದಿನಿಂದ. ಟ್ರೇಗಳ ನಡುವೆ ಚಿಂದಿ ತುಂಬಿ, ತಲೆಯ ಮೇಲೆ ಗೋಪುರದಂತೆ ಹೊತ್ತುಕೊಂಡು, ಮಲಗಿದ ಮಗುವನ್ನು ದಾಟುವವನಂತೆ ಟಣಟಣ ಹೆಜ್ಜೆಯಿಟ್ಟ. ಬೀದಿಗೆ ಬೀದಿಯೇ ಉಸಿರು ಹಿಡಿದು ತುದಿಗಾಲಲ್ಲಿ ಜೊತೆಗೆ ನಡೆಯಿತು. ತಿರುವಿನಲ್ಲಿ ಬೇಕರಿಯವನೂ ಕಾಯುತ್ತಿದ್ದ. ಇನ್ನು ನಾಲ್ಕು ಮಾರು.

ಅಷ್ಟರಲ್ಲಿ ಅಜ್ಜಿಯ ಮಿಠಾಯಿ ಕರಗಿತು.

"ಲೋ ಟಣಟಣಾ! ಬೆಳಿಗ್ಗೆಯಿಂದ ನಿನ್ನ ಸದ್ದೇ ಇಲ್ವಲ್ಲೋ! ಬದುಕಿದ್ದೀಯೇನೋ?"

ಟಣಟಣ ಬೆಚ್ಚಿದ. ಗೋಪುರ ವಾಲಿತು. ಢಣ್! ಢಣಢಣ ಢಮಾರ್! ಒಂದು ಟ್ರೇ ಮಾತ್ರ ಬೀದಿಯುದ್ದಕ್ಕೂ ಗಿರಗಿರ ಉರುಳಿ, ಮೇಷ್ಟ್ರ ಕಾಲ ಬುಡದಲ್ಲಿ ಡಣಡಣಡಣ ಎಂದು ಕುಣಿದು ಸುಮ್ಮನಾಯಿತು.

ಕುರ್ಚಿಯಲ್ಲಿದ್ದವನು ಕಣ್ಣು ಬಿಟ್ಟು ಮೈಮುರಿದ. "ಆಹಾ! ಎಂಥಾ ನಿದ್ದೆ! ಹುಟ್ಟಿದಾಗಿನಿಂದ ಹಗಲು ಹೀಗೆ ಮಲಗಿರ್ಲಿಲ್ಲ."

"ನಿದ್ದೆಯಾ? ಆಲಿಸ್ತಿರಲಿಲ್ವಾ?" ಮೇಷ್ಟ್ರ ಕನ್ನಡಕ ಜಾರಿತು. "ಮತ್ತೆ ಲಾರಿ ದಾರಿ?"

"ಅದಾ? ಅದು ಬಯಲಿನ ಆಚೆಯಿಂದ ಹೋಗುತ್ತೆ. ಯಾವತ್ತೋ ತೀರ್ಮಾನ ಆಯ್ತು. ನಾನು ಬಂದಿದ್ದು ಬೇರೆ ಕೆಲಸಕ್ಕೆ. ನಮ್ಮ ಕ್ರೇನ್ ನಡೆಸೋರು ರಾತ್ರಿಯೆಲ್ಲ ದುಡಿದು ಹಗಲು ಮಲಗ್ಬೇಕು. ಅವರಿಗೆ ಬಾಡಿಗೆ ರೂಮು ಹುಡುಕ್ತಿದ್ದೀವಿ. ಯಂತ್ರ ಸದ್ದು ನೋಡುತ್ತೆ, ನಾನು ಮಲಗಿ ನೋಡ್ತೀನಿ. ನಿಮ್ಮ ಬೀದಿ ಎರಡರಲ್ಲೂ ಪಾಸ್! ಕೊನೇಲಿ ಬಂದ ಈ ಒಂದು ಸದ್ದು ಮರೆತುಬಿಡೋಣ. ಆದ್ರೆ ಇನ್ಮುಂದೆ ದಿನಾ ಹಗಲು ಹೀಗೇ ಇರ್ಬೇಕು. ತಗಡು ಪಗಡು ಏನೂ ಬಡಿಯೋ ಹಾಗಿಲ್ಲ."

ಬಾಡಿಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಳೆ ಬಿದ್ದ ಮೇಲೆ ಅಣಬೆ ಎದ್ದಂತೆ ಮನೆಮನೆಯಲ್ಲೂ ಖಾಲಿ ರೂಮು ಎದ್ದವು. ಮೇಷ್ಟ್ರು ನಿಂತಲ್ಲೇ ಮಹಡಿಯನ್ನು ಮೂರು ಭಾಗ ಮಾಡಿದರು. ಬೇಕರಿಯವನು ನೆಗ್ಗಿದ ಟ್ರೇಯೊಂದನ್ನು ಎತ್ತಿ ನೋಡಿ, "ಇದರಲ್ಲಿ ಬೆಂದ ಬ್ರೆಡ್ಡು ಮೂತಿ ಸೊಟ್ಟ ಮಾಡ್ಕೊಂಡೇ ಹುಟ್ಟುತ್ತೆ" ಎಂದು ಕೆಳಗಿಟ್ಟು ಪೇಟೆಯ ಕಡೆ ನಡೆದ.

ಟಣಟಣ ಬಾಯಿಬಿಟ್ಟ. "ಹಾಗಾದ್ರೆ ನಾನು ರಾತ್ರಿ ಬಡಿಯಲಾ?"

"ರಾತ್ರಿ ನಾವು ಮಲಗಬೇಡ್ವಾ?" ಇಡೀ ಬೀದಿ ಒಂದೇ ದನಿಯಲ್ಲಿ ಅಬ್ಬರಿಸಿತು. ಬೆಳಿಗ್ಗೆಯಿಂದ ಕೂಡಿಟ್ಟ ಸದ್ದೆಲ್ಲ ಅದರಲ್ಲಿತ್ತು.

ಅವನು ಸೊಟ್ಟ ಟ್ರೇಗಳ ನಡುವೆ ಕುಸಿದು ಕೂತ. ಮೇಷ್ಟ್ರಿಗೆ ಕರುಣೆ ಬಂತು. ಹೆಗಲ ಮೇಲೆ ಕೈಯಿಟ್ಟರು.

"ಬೇಜಾರು ಮಾಡ್ಕೋಬೇಡ ಕಣೋ. ಬೇಕರಿ ಹೋದ್ರೆ ಹೋಯ್ತು. ರೂಮಿಗೆ ಬರೋರಿಗೆ ಬಟ್ಟೆ ಇಡೋಕೆ ಟ್ರಂಕು ಬೇಡ್ವಾ? ನನಗೆ ಆರು ಮಾಡ್ಕೊಡು."

"ನಂಗೆ ಎರಡು ಅಣ್ಣಾ" ಎಂದ ಟೈಲರ್. "ನಮ್ಮನೆಗೆ ನಾಲ್ಕು!" "ಅವಳಿಗೆ ನಾಲ್ಕಾದ್ರೆ ನಂಗೆ ಐದು!" ಎಂದರು ಅತ್ತಿಗೆ ನಾದಿನಿಯರು. ಅಜ್ಜಿಗೂ ಒಂದು. ಎಲ್ಲರಿಗೂ ಬರುವ ವಾರದೊಳಗೆ ಬೇಕು.

ಟಣಟಣನ ಜನ್ಮದಲ್ಲೇ ಅಷ್ಟು ದೊಡ್ಡ ಆರ್ಡರ್ ಬಂದಿರಲಿಲ್ಲ. ಹೆಂಡತಿಯ ಮುಖ ಅರಳಿತು. ಮದುವೆಯಾದ ಹೊಸತರಲ್ಲಿ ಕೇಳಿದ್ದ ದನಿಯಲ್ಲಿ, "ಏನೂಂದ್ರೆ, ಯಾವಾಗ ಶುರು ಮಾಡ್ತೀರಿ?" ಎಂದಳು.

ಟಣಟಣ ತಲೆಯೆತ್ತಿ ಆಕಾಶ ನೋಡಿದ. ಸೂರ್ಯ ಮುಳುಗಿದ್ದ, ದೀಪ ಇನ್ನೂ ಹಚ್ಚಿರಲಿಲ್ಲ. ಹಗಲೂ ಅಲ್ಲದ ರಾತ್ರಿಯೂ ಅಲ್ಲದ ಒಂದು ಚೂರು ಮಬ್ಬು ಬೆಳಕು ಉಳಿದಿತ್ತು. ಅವನು ಎದ್ದು, ಸುತ್ತಿಗೆಗಾಗಿ ಅಂಗಡಿಯ ಕಡೆ ಓಟ ಕಿತ್ತ.